ಹಸಿರು ಒಂದೇ, ಸಂಬಳ ಮೂರು ಬಗೆ

ಪರಿಸರ ಸಂಸ್ಥೆಯಲ್ಲಿ ಕೆಲಸ ಮಾಡಬೇಕು ಅಂತ ಬರುವವರು ಸಾಮಾನ್ಯವಾಗಿ ಕೇಳುವುದು ಒಂದೇ: ಕಾಡಿನ ಕೆಲಸ ಒಳ್ಳೆಯದೋ, ನೀರಿನದೋ, ಹವಾಮಾನದ್ದೋ? ಮೂರು ಸಂಸ್ಥೆಗಳಲ್ಲಿ ಹನ್ನೊಂದು ವರ್ಷ ದುಡಿದ ನನಗೆ ಆ ಪ್ರಶ್ನೆ ಈಗ ಅಷ್ಟು ಮುಖ್ಯ ಅನ್ನಿಸುವುದಿಲ್ಲ. ನಿಮ್ಮ ಸಂಬಳದ ದುಡ್ಡು ಎಲ್ಲಿಂದ ಬರುತ್ತದೆ ಅಂತ ಹೇಳಿ, ನಿಮ್ಮ ದಿನ ಹೇಗೆ ಕಳೆಯುತ್ತದೆ ಅಂತ ನಾನು ಹೇಳಬಲ್ಲೆ. ನಾನು ಕಂಡಿದ್ದು ಮೂರು ಬಗೆ: ಪ್ರಾಜೆಕ್ಟ್ ಅನುದಾನದಲ್ಲಿ ನಡೆಯುವ ಫೀಲ್ಡ್ ಸಂಸ್ಥೆ, ಸಾವಿರಾರು ಜನರ ಚಿಕ್ಕ ಚಿಕ್ಕ ದೇಣಿಗೆಯಲ್ಲಿ ನಡೆಯುವ ಆಂದೋಲನ, ಮತ್ತೆ ನಾಲ್ಕೈದು ದೊಡ್ಡ ದಾನಿಗಳನ್ನು ನೆಚ್ಚಿಕೊಂಡ ಕಾನೂನು-ಸಂಶೋಧನೆಯ ಗುಂಪು.

ಮೊದಲನೆಯದರಲ್ಲಿ ನನಗೆ ಸಿಕ್ಕಿದ್ದು ಒಂದು ಕೆರೆ. ನೀರು ಕಾಣದ ಹಾಗೆ ವಾಟರ್ ಹಯಾಸಿಂತ್ ಕಳೆ ಹಬ್ಬಿತ್ತು. ಅದನ್ನು ತೆಗೆದು ಕೆರೆಗೆ ಜೀವ ತರಬೇಕು, ಅವಧಿ ಹದಿನೆಂಟು ತಿಂಗಳು. ದಕ್ಷಿಣ ಅಮೆರಿಕದಿಂದ ಲೋಕವೆಲ್ಲ ಹರಡಿದ ಗಿಡ ಅದು. ಒಳ್ಳೆಯ ಬಿಸಿಲು, ಕೊಳಚೆ ನೀರು ಸಿಕ್ಕರೆ ಒಂದೆರಡು ವಾರದಲ್ಲೇ ಇಮ್ಮಡಿಯಾಗುತ್ತದೆ. ಕೆಸರಿನಲ್ಲಿ ಬಿದ್ದ ಬೀಜ ಹದಿನೈದು ವರ್ಷ ಕಳೆದರೂ ಮೊಳೆಯಬಲ್ಲದು. ಇದನ್ನು ನನಗೆ ಮೊದಲು ಹೇಳಿದ್ದು ಪ್ರಪೋಸಲ್ ಬರೆದವರಲ್ಲ, ದೋಣಿ ನಡೆಸುತ್ತಿದ್ದ ಹಿರಿಯರು. "ಮೇಲಿಂದು ಕೀಳ್ತೀರಿ ಸರ್, ಕೆಳಗಿರೋದನ್ನ ಏನ್ ಮಾಡ್ತೀರಿ?" ಅಂದರು. ಬೀಜಕ್ಕೆ ಹದಿನೈದು ವರ್ಷದ ತಾಳ್ಮೆ, ನಮಗೆ ಹದಿನೆಂಟು ತಿಂಗಳದ್ದು.

ಕಳೆ ಕೊಬ್ಬುತ್ತಿದ್ದುದು ಕೊಳಚೆಯಲ್ಲಿ ಬರುವ ಸಾರಜನಕ, ರಂಜಕದಿಂದ. ಕೊಳಚೆ ನಿಲ್ಲಿಸುವುದು ನಮ್ಮ ಪ್ರಾಜೆಕ್ಟಿನಲ್ಲಿ ಇರಲಿಲ್ಲ. ಇದ್ದದ್ದು ಎಷ್ಟು ಟನ್ ಕಳೆ ತೆಗೆದಿರಿ, ಎಷ್ಟು ಜನಕ್ಕೆ ತರಬೇತಿ ಕೊಟ್ಟಿರಿ ಅನ್ನುವ ಲೆಕ್ಕ. ಟನ್ನಿನ ಲೆಕ್ಕ ನಾವು ಟಾರ್ಗೆಟ್ಟಿಗಿಂತ ಜಾಸ್ತಿಯೇ ತೋರಿಸಿದೆವು, ಯಾಕೆಂದರೆ ತೆಗೆದ ಜಾಗದಲ್ಲೇ ಮತ್ತೆ ಬೆಳೆದದ್ದನ್ನು ಮತ್ತೆ ತೆಗೆದಿದ್ದೆವು! ಆ ಕಳೆಯ ಮೇಲೆ ನೀರುಕೋಳಿಗಳು ಗೂಡು ಕಟ್ಟಿದ್ದವು. ಕೆಲವು ಗೂಡು ಯಂತ್ರದ ಹಲ್ಲಿಗೆ ಸಿಕ್ಕವು. ಅದನ್ನು ಬರೆಯಲು ರಿಪೋರ್ಟಿನಲ್ಲಿ ಕಾಲಂ ಇರಲಿಲ್ಲ, ನಾನೂ ಬರೆಯಲಿಲ್ಲ.

ಆಫೀಸಿನೊಳಗಿನ ಬದುಕು ಇನ್ನೊಂದು ಥರ. ಗಿಡಕ್ಕೆ, ದೋಣಿಗೆ, ತರಬೇತಿಗೆ ದುಡ್ಡು ಕೊಡುವವರು ಸಿಗುತ್ತಾರೆ. ಬಾಡಿಗೆಗೆ, ಅಕೌಂಟೆಂಟ್ ಸಂಬಳಕ್ಕೆ ಕೊಡಲು ಮಾತ್ರ ಯಾರಿಗೂ ಮನಸ್ಸಿಲ್ಲ. ಅದಕ್ಕೆ 'ಓವರ್‌ಹೆಡ್' ಅಂತ ಹೆಸರಿಟ್ಟು ದುಂದುವೆಚ್ಚದ ಹಾಗೆ ನೋಡುತ್ತಾರೆ. ಹಾಗಾಗಿ ನಮ್ಮ ಅಕೌಂಟೆಂಟ್ ಕಾಗದದ ಮೇಲೆ ಮೂರು ಪ್ರಾಜೆಕ್ಟಿನಲ್ಲಿ ಮೂರು ತುಂಡಾಗಿದ್ದರು. ನನ್ನ ಟೈಮ್‌ಶೀಟಿನಲ್ಲಿ ಕೆರೆಗೆ ಶೇಕಡಾ 60, ಇನ್ನೊಂದು ಕೆಲಸಕ್ಕೆ 40. ನಿಜವಾಗಿ ಕೊನೆಯ ನಾಲ್ಕು ತಿಂಗಳು ನಾನು ಬರೆಯುತ್ತಿದ್ದುದು ಮುಂದಿನ ಅನುದಾನದ ಪ್ರಪೋಸಲ್. ಆ ಕೆಲಸಕ್ಕೆ ಸಂಬಳ ಕೊಡುವವರು ಯಾರೂ ಇಲ್ಲ, ಅದಿಲ್ಲದಿದ್ದರೆ ಯಾರಿಗೂ ಸಂಬಳವಿಲ್ಲ. ದಾನಿಗಳನ್ನು ಬೈದು ಉಪಯೋಗವಿಲ್ಲ, ಅವರೂ ತಮ್ಮ ಮೇಲಿನವರಿಗೆ ವರ್ಷದೊಳಗೆ ಲೆಕ್ಕ ಒಪ್ಪಿಸಬೇಕು. ಆದರೂ ಬೆಳಗ್ಗೆ ಆರಕ್ಕೆ ದೋಣಿಯಲ್ಲಿ ಕೂತು ಕಲಿತದ್ದು ಮುಂದೆ ಯಾವ ಮೀಟಿಂಗಿನಲ್ಲೂ ಸಿಗಲಿಲ್ಲ.

ಎರಡನೆಯ ಸಂಸ್ಥೆಗೆ ಹೋದದ್ದು ಈ ಫಾರ್ಮುಗಳಿಂದ ತಪ್ಪಿಸಿಕೊಳ್ಳಲು. ಅಲ್ಲಿ ಸರ್ಕಾರದ ದುಡ್ಡೂ ಬೇಡ, ಕಂಪನಿಯ ದುಡ್ಡೂ ಬೇಡ ಅನ್ನುವ ನಿಯಮ. ಹಲವು ದೇಶಗಳಲ್ಲಿ ಕೆಲಸ ಮಾಡುವ ಪರಿಸರ ಸಂಸ್ಥೆ ಗ್ರೀನ್‌ಪೀಸ್ ಪಾಲಿಸಿಕೊಂಡು ಬಂದದ್ದೂ ಇದನ್ನೇ. ನಾನಿದ್ದದ್ದು ಅದರಲ್ಲಲ್ಲ, ಆದರೆ ಅಚ್ಚು ಅದೇ. ಹೊಸದಾಗಿ ಸೇರಿದವರಿಗೆಲ್ಲ ಗ್ರೀನ್‌ಪೀಸ್ ಹುಟ್ಟಿಗೆ ಕಾರಣವಾದ 1971ರ ದೋಣಿಯ ಕಥೆ ಹೇಳುತ್ತಿದ್ದರು. ಅಲಾಸ್ಕಾದ ಅಮ್ಚಿಟ್ಕಾ ದ್ವೀಪದಲ್ಲಿ ಅಮೆರಿಕ ನಡೆಸಲಿದ್ದ ಅಣುಪರೀಕ್ಷೆ ತಡೆಯಲು ಕೆನಡಾದ ವ್ಯಾಂಕೂವರಿನಿಂದ ಒಂದಷ್ಟು ಜನ ಹೊರಟದ್ದು, ಅಮೆರಿಕದ ಕರಾವಳಿ ಪಡೆ ಅವರನ್ನು ನಡುವೆಯೇ ತಡೆದದ್ದು, ಆ ನವೆಂಬರಿನಲ್ಲಿ ಬಾಂಬು ಸಿಡಿದೇ ಸಿಡಿದದ್ದು. ಆದರೆ ಮರುವರ್ಷವೇ ಅಲ್ಲಿ ಪರೀಕ್ಷೆ ಕೈಬಿಟ್ಟೆವೆಂದು ಅಮೆರಿಕ ಹೇಳಿತು. ತಲುಪದೆಯೂ ಗೆದ್ದ ದೋಣಿ. ಕೇಳುವಾಗ ಮೈ ಜುಮ್ಮೆನ್ನುತ್ತದೆ. ಮಧ್ಯಾಹ್ನ ಆಗುತ್ತಲೇ ಕೈಗೆ ಕ್ಲಿಪ್‌ಬೋರ್ಡ್ ಕೊಟ್ಟು ರಸ್ತೆಗೆ ಕಳಿಸುತ್ತಿದ್ದರು.

ದಾರಿಹೋಕರನ್ನು ನಿಲ್ಲಿಸಿ ತಿಂಗಳ ದೇಣಿಗೆಗೆ ಒಪ್ಪಿಸಬೇಕು, ದಿನಕ್ಕೆ ಇಷ್ಟು ಜನ ಅಂತ ಟಾರ್ಗೆಟ್. ಒಪ್ಪಿದವರಲ್ಲಿ ಎಷ್ಟೋ ಮಂದಿ ಕೆಲವೇ ತಿಂಗಳಲ್ಲಿ ನಿಲ್ಲಿಸುತ್ತಾರೆ; ತೂತಿನ ಕೊಡ, ಮೇಲಿಂದ ಸುರಿಯುತ್ತಲೇ ಇರಬೇಕು. ಹೀಗೆ ಬಂದ ದುಡ್ಡಿಗೆ ಮಾತ್ರ ಒಂದು ಗತ್ತು ಇರುತ್ತದೆ. ಹೊಳೆ ಕೆಡಿಸಿದ ಕಾರ್ಖಾನೆಯ ಹೆಸರನ್ನು ಬ್ಯಾನರಿನ ಮೇಲೆ ಬರೆಯುವ ಮೊದಲು ಯಾರ ಮುಖವನ್ನೂ ನೋಡಬೇಕಿರಲಿಲ್ಲ. ಮೊದಲ ಸಂಸ್ಥೆಯಲ್ಲಿ ಅದೇ ಹೆಸರು ಕರಡಿನಿಂದ ಕರಡಿಗೆ ಸವೆದು ಕೊನೆಗೆ 'ಕೆಲವು ಕೈಗಾರಿಕೆಗಳು' ಆಗಿಬಿಡುತ್ತಿತ್ತು.

ಆದರೆ ನಾಲ್ಕು ಪದದಲ್ಲಿ ಹೇಳಲಾಗದ ವಿಷಯಕ್ಕೆ ಅಲ್ಲಿ ಜಾಗವಿಲ್ಲ. ನನ್ನ ಬಾಯಲ್ಲಿ 'ಆದರೆ' ಬಂದರೆ ಸಾಕು, ಕ್ಯಾಂಪೇನ್ ಮುಖ್ಯಸ್ಥರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ರಜೆ ಕೇಳುವುದೂ ಕಷ್ಟ. ಭೂಮಿ ಉರಿಯುತ್ತಿರುವಾಗ ನೀನು ನಾಲ್ಕು ದಿನ ಎಲ್ಲಿಗೆ ಹೋಗುತ್ತೀಯ ಅಂತ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ನಾವೇ ಕೇಳಿಕೊಳ್ಳುತ್ತೇವೆ. ನನ್ನ ಜೊತೆ ಸೇರಿದ ಒಂಬತ್ತು ಜನರಲ್ಲಿ ಎರಡು ವರ್ಷಕ್ಕೆ ಉಳಿದವರು ಇಬ್ಬರು. ಬಿಟ್ಟವರಲ್ಲಿ ಒಬ್ಬರಿಗೂ ಪರಿಸರದ ಮೇಲೆ ಬೇಸರವಿರಲಿಲ್ಲ. ಅವರಿಗೆ ನಿದ್ದೆ ಬೇಕಿತ್ತು, ಅಷ್ಟೆ.

ಮೂರನೆಯದು ಮೌನದ ಆಫೀಸು. ದೊಡ್ಡ ಯೋಜನೆಗೆ ಮೊದಲು ಪರಿಸರದ ಮೇಲಿನ ಪರಿಣಾಮ ಅಳೆಯಬೇಕು ಅನ್ನುವ ಕಾನೂನು ಅಮೆರಿಕದಲ್ಲಿ 1970ರ ಜನವರಿ 1ರಂದು ಜಾರಿಗೆ ಬಂದು, ಆಮೇಲೆ ಬಹಳ ದೇಶಗಳಿಗೆ ಹರಡಿತು. ಆ ವರದಿಗಳನ್ನು ಕೂತು ಓದುವುದೇ ನನ್ನ ಕೆಲಸ. ಮುಖಪುಟ, ಸಾರಾಂಶ ಎಲ್ಲ ನೀಟಾಗಿರುತ್ತದೆ. ಕಳ್ಳ ಇರುವುದು ಅನುಬಂಧದಲ್ಲಿ. ಒಮ್ಮೆ ಒಳನಾಡಿನ ಯೋಜನೆಯ ಪಕ್ಷಿಪಟ್ಟಿಯಲ್ಲಿ ಸಮುದ್ರದ ಹಕ್ಕಿ ಸಿಕ್ಕಿತು. ಬೇರೆ ವರದಿಯಿಂದ ಎತ್ತಿ ಅಂಟಿಸಿದ್ದರು. ಅದನ್ನು ಹಿಡಿಯಲು ನೆರವಾದದ್ದು ನನ್ನ ದೋಣಿಯ ದಿನಗಳೇ. ವಕೀಲರಿಗೆ ಅದು ಬರೀ ಹೆಸರಾಗಿತ್ತು.

ಸಂಬಳ ಮೂರರಲ್ಲಿ ಇಲ್ಲೇ ಹೆಚ್ಚು, ಕಾಂಟ್ರ್ಯಾಕ್ಟೂ ಉದ್ದ. ಬೇಕಾಗುವುದು ಕಾಯುವ ಗುಣ. ನೆದರ್ಲೆಂಡ್ಸಿನಲ್ಲಿ ಉರ್ಗೆಂಡಾ ಸಂಸ್ಥೆ 886 ನಾಗರಿಕರೊಂದಿಗೆ ತನ್ನ ಸರ್ಕಾರದ ಮೇಲೆ ದಾವೆ ಹೂಡಿದ್ದು 2013ರಲ್ಲಿ. 1990ರ ಮಟ್ಟಕ್ಕಿಂತ ಹಸಿರುಮನೆ ಅನಿಲಗಳ ಹೊರಸೂಸುವಿಕೆ ಶೇಕಡಾ 25ರಷ್ಟಾದರೂ ಇಳಿಯಬೇಕು, ಅದೂ 2020ರ ಕೊನೆಯೊಳಗೆ ಅನ್ನುವ ಆದೇಶ 2015ರಲ್ಲೇ ಬಂತು. ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದದ್ದು 2019ರ ಡಿಸೆಂಬರಿನಲ್ಲಿ. ಗಡುವಿಗೆ ಉಳಿದದ್ದು ಒಂದೇ ವರ್ಷ. ಇದು ನಮ್ಮ ವೃತ್ತಿಯ ದೊಡ್ಡ ಗೆಲುವು! ನಮ್ಮದೆಲ್ಲ ಚಿಕ್ಕವು. 'ಅಧ್ಯಯನ ಮತ್ತೆ ಮಾಡಿ' ಅಂತ ಆದೇಶವಾಗುತ್ತದೆ, ಎರಡು ವರ್ಷ ಬಿಟ್ಟು ಅದೇ ಯೋಜನೆ ಹಕ್ಕಿಪಟ್ಟಿ ಸರಿಮಾಡಿಕೊಂಡು ವಾಪಸ್ ಬರುತ್ತದೆ.

ಒಂದೇ ಕೆರೆಯನ್ನು ಮೂರೂ ಕಡೆ ಇಟ್ಟು ನೋಡಿದರೆ ಫರಕು ತಿಳಿಯುತ್ತದೆ. ಮೊದಲಿನವರು ಕೆರೆಗೆ ಇಳಿಯುತ್ತಾರೆ, ಹದಿನೆಂಟು ತಿಂಗಳಿಗೆ ಮೇಲೆ ಬರುತ್ತಾರೆ. ಎರಡನೆಯವರು ದಂಡೆಯ ಮೇಲೆ ನಿಂತು ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಾರೆ, ಇನ್ನೊಂದು ಕಡೆ ಬೆಂಕಿ ಬಿದ್ದರೆ ಅಲ್ಲಿಗೆ ಓಡುತ್ತಾರೆ. ಮೂರನೆಯವರು ಕೊಳಚೆ ಬಿಡುವವರ ಪರವಾನಗಿ ಹುಡುಕಿ ಹಿಡಿಯುತ್ತಾರೆ, ಕೆರೆಯನ್ನು ಮಾತ್ರ ಒಮ್ಮೆಯೂ ನೋಡಿರುವುದಿಲ್ಲ.

ಹೊಸಬರಾದರೆ ಮೊದಲನೆಯದಕ್ಕೇ ಹೋಗಿ ಅನ್ನುತ್ತೇನೆ, ಆದರೆ ಎರಡು ಪ್ರಾಜೆಕ್ಟಿಗಿಂತ ಹೆಚ್ಚು ಇರಬೇಡಿ; ಮೂರನೆಯ ಪ್ರಾಜೆಕ್ಟಿಗೆ ಬರುವ ಹೊತ್ತಿಗೆ ಕೆರೆ ಮರೆತು ಫಾರ್ಮು ಮಾತ್ರ ನೆನಪಿರುತ್ತದೆ. ಸೋತ ರಾತ್ರಿಯೂ ನಿದ್ದೆ ಮಾಡಬಲ್ಲವರಿಗೆ ಆಂದೋಲನ. ನಾನು ಮೂರನೆಯ ಸಂಸ್ಥೆಯಲ್ಲೇ ಉಳಿದಿದ್ದೇನೆ. ಶನಿವಾರಗಳಲ್ಲಿ ಬೇರೊಂದು ಗುಂಪಿನ ಜೊತೆ ಹಕ್ಕಿ ಎಣಿಸಲು ಹೋಗುತ್ತೇನೆ, ಸಂಬಳವಿಲ್ಲದೆ.

ಎಲ್ಲಿಗೇ ಸಂದರ್ಶನಕ್ಕೆ ಹೋಗಿ, ಒಂದು ಪ್ರಶ್ನೆ ಕೇಳಿ: ನನ್ನ ಸಂಬಳ ಯಾವ ಅನುದಾನದಿಂದ, ಅದು ಮುಗಿಯುವ ತಾರೀಖು ಯಾವುದು? ಮೊದಲನೆಯ ಸಂಸ್ಥೆಯವರು ನಕ್ಕು "ಅದೆಲ್ಲ ಬರುತ್ತೆ ಬಿಡಿ" ಅಂದಿದ್ದರು. ಎರಡನೆಯವರು ಕಿಟಕಿಯಿಂದ ಕೆಳಗಿನ ರಸ್ತೆ ತೋರಿಸಿದ್ದರು. ಮೂರನೆಯವರು ಕಡತ ತೆಗೆದು ತಾರೀಖು ಓದಿದರು.