ಹೀರೋಸ್ 3: ಮೊದಲ ಪಡೆಗೆ ನೆಕ್ರೊಪೊಲಿಸ್ಸೋ, ಕ್ಯಾಸಲ್ಲೋ?

ಹುಬ್ಬಳ್ಳಿ ವಿದ್ಯಾನಗರದಲ್ಲಿ ರೂಮ್ ಮಾಡಿಕೊಂಡಿರುವ ನನ್ನ ತಮ್ಮ ‘ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3’ ಶುರು ಮಾಡಿದ್ದಾನೆ. ಒಂದು ಬಣ ಆರಿಸಿಕೊಂಡು ಪಡೆ ಕಟ್ಟಿ ಕಾದಾಡುವ 1999ರ ಕಂಪ್ಯೂಟರ್ ಆಟ. ಹಳೇ ಲ್ಯಾಪ್‌ಟಾಪ್ ಸಾಕು.

ಹೊಸಬರಿಗೆ ನಾನು ನೆಕ್ರೊಪೊಲಿಸ್ ಅನ್ನೇ, ಅಂದರೆ ಸತ್ತು ಎದ್ದವರ ಬಣವನ್ನೇ ಹೇಳುತ್ತೇನೆ. ಕಾಳಗ ಗೆದ್ದಾಗ ಸತ್ತ ಶತ್ರುಗಳಲ್ಲಿ ಒಂದು ಪಾಲು ಅಸ್ಥಿಪಂಜರಗಳಾಗಿ ನಿಮ್ಮ ಪಡೆ ಸೇರುತ್ತದೆ, ಪುಕ್ಕಟೆ! ಇದರ ವ್ಯಾಂಪೈರ್‌ಗಳನ್ನು ಬೇಗ ಅವುಗಳ ಮೇಲ್ದರ್ಜೆಯಾದ ವ್ಯಾಂಪೈರ್ ಲಾರ್ಡ್ ಮಾಡಿಕೊಳ್ಳಿ. ಜೀವವಿರುವ ಶತ್ರುವಿಗೆ ಹೊಡೆದರೆ ಈ ಲಾರ್ಡ್‌ಗಳಲ್ಲಿ ಸತ್ತವರೂ ಮತ್ತೆ ಎದ್ದು ಬರುತ್ತಾರೆ, ಎದುರೇಟೂ ಬೀಳುವುದಿಲ್ಲ. ಇಷ್ಟು ಸುಲಭವಾಗಿ ಪಡೆ ಉಳಿಸಿಕೊಳ್ಳೋದು ಬೇರೆಲ್ಲಿದೆ? ಬದುಕಿರುವ ಸೈನಿಕರನ್ನು ಮಾತ್ರ ಇದರಲ್ಲಿ ಬೆರೆಸಬೇಡಿ, ಅವರ ಮನೋಬಲ ಕುಸಿಯುತ್ತದೆ.

ದುಡ್ಡಿನ ಲೆಕ್ಕ ಹಾಕಿ ಆಡುವುದು ಇಷ್ಟವಿದ್ದರೆ ಕ್ಯಾಸಲ್, ಅಂದರೆ ಮನುಷ್ಯ ಸೈನಿಕರ, ಏಂಜಲ್‌ಗಳ (ದೇವದೂತರ) ಬಣ. ಬಲ ಜಾಸ್ತಿ, ಖರ್ಚೂ ಜಾಸ್ತಿ: ಒಬ್ಬ ಏಂಜಲ್‌ಗೇ 3000 ಚಿನ್ನ, 1 ರತ್ನ. ಎರಡೆರಡು ಬಾಣ ಬಿಡುವ ಮಾರ್ಕ್ಸ್‌ಮನ್‌ಗಳ ಮುಂದೆ ಕಾವಲಿಗೆ ಯಾರನ್ನಾದರೂ ನಿಲ್ಲಿಸಲೇಬೇಕು.