ಮೂರು ಮಳೆಗಾಲ ಮಾಸ್ಟೊಡಾನ್ ಬಳಸಿದ ಮೇಲೆ

ಟ್ವಿಟರ್ ಕೈ ಬದಲಾದ ಮರುತಿಂಗಳು, 2022ರ ನವೆಂಬರ್‌ನಲ್ಲಿ, ನಾನು ಟ್ವಿಟರ್‌ನಂಥದೇ ಇನ್ನೊಂದು ಸಾಮಾಜಿಕ ಜಾಲ ಮಾಸ್ಟೊಡಾನ್‌ಗೆ ಬಂದೆ. ತೀರ್ಥಹಳ್ಳಿ ಹತ್ತಿರ ನಮ್ಮದು ಅಡಿಕೆ ತೋಟ. ಮಳೆ ಎಷ್ಟು ಬಿತ್ತು, ಅಡಿಕೆಗೆ ಕೊಳೆ ರೋಗ ಎಲ್ಲಿ ಶುರುವಾಯ್ತು, ಎಲೆಚುಕ್ಕಿ ರೋಗಕ್ಕೆ ಯಾರು ಏನು ಹೊಡೆದರು, ನನ್ನ ಪೋಸ್ಟ್‌ಗಳೆಲ್ಲ ಇಂಥವೇ. ಜಾಹೀರಾತಿಲ್ಲ, ಹಾಕಿದ್ದು ಹಾಕಿದ ಹೊತ್ತಿನ ಕ್ರಮದಲ್ಲೇ ಕಾಣುತ್ತದೆ. ಮಳೆ ಸುದ್ದಿಗೆ ಇದು ಬಹಳ ಮುಖ್ಯ. ಮೊನ್ನೆಯ ಮಳೆ ಇವತ್ತು ಕಣ್ಣಿಗೆ ಬಿದ್ದರೆ ಔಷಧಿ ಹೊಡೆಯುವವನಿಗೆ ಏನು ಪ್ರಯೋಜನ?

ಇದು ಒಂದೇ ಕಂಪನಿಯ ಜಾಗವಲ್ಲ. ಬೇರೆ ಬೇರೆ ಜನ ನಡೆಸುವ ಸಾವಿರಾರು ಸರ್ವರ್‌ಗಳು. ಯಾವ ಕಂಪನಿಯ ಸಿಮ್ ಇದ್ದರೂ ಫೋನ್ ಹೋಗುವ ಹಾಗೆ, ಇವು ಆಕ್ಟಿವಿಟಿಪಬ್ ಎಂಬ ಸಾಮಾನ್ಯ ನಿಯಮದಲ್ಲಿ ಮಾತಾಡಿಕೊಳ್ಳುತ್ತವೆ. 2018ರಲ್ಲಿ ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಸಾಗರದ ಗೆಳೆಯನೊಬ್ಬ ಜೋಗದ ಫೋಟೋಗಳನ್ನು ಇದೇ ನಿಯಮ ಬಳಸುವ ಪಿಕ್ಸೆಲ್‌ಫೆಡ್ ಎಂಬ ಫೋಟೋ ತಾಣದಲ್ಲಿ ಹಾಕುತ್ತಾನೆ. ನನಗೆ ಅಲ್ಲಿ ಖಾತೆಯೇ ಇಲ್ಲ, ಆದರೂ ಫೋಟೋ ನನ್ನ ಮಾಸ್ಟೊಡಾನ್‌ಗೆ ಬರುತ್ತದೆ, ನಾನು ಬರೆದದ್ದು ಅವನಿಗೆ ತಲುಪುತ್ತದೆ. ಮೊದಲ ಸಲ ಇದನ್ನು ಕಂಡಾಗ ಆದ ಖುಷಿ ಇನ್ನೂ ನೆನಪಿದೆ.

ಆದರೆ ಎಲ್ಲರಿಗೂ ಎಲ್ಲವೂ ಕಾಣುವುದಿಲ್ಲ. ಹೋದ ಮಳೆಗಾಲ ಶಿರಸಿ ಕಡೆಯ ಕೃಷಿಕರೊಬ್ಬರು ಮಳೆ ತಾಗದಂತೆ ಅಡಿಕೆ ಗೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿದ ಫೋಟೋ ಹಾಕಿ, ಕೊಳೆಗೆ ಬೋರ್ಡೋ ದ್ರಾವಣ ಹೊಡೆಯುವುದಕ್ಕಿಂತ ಇದು ವಾಸಿಯೇ ಎಂದು ಕೇಳಿದ್ದರು. ನನ್ನ ಫೋನಿನಲ್ಲಿ 3 ಉತ್ತರ. ಶಿವಮೊಗ್ಗದಲ್ಲಿರುವ ಅಣ್ಣನ ಮಗಳ ಖಾತೆ ಆ ಕೃಷಿಕರ ಸರ್ವರ್‌ನಲ್ಲೇ ಇದೆ. "ಚಿಕ್ಕಪ್ಪ, 11 ಉತ್ತರ ಬಂದಿದೆಯಲ್ಲ, ನೋಡ್ಲಿಲ್ವಾ?" ಅಂದಳು. ಬೇರೆ ಸರ್ವರ್‌ನ ಪೋಸ್ಟಾದರೆ, ನಮ್ಮ ಸರ್ವರ್‌ಗೆ ತಲುಪಿದ ಉತ್ತರಗಳಷ್ಟೇ ಆಗ ನಮಗೆ ಕಾಣುತ್ತಿದ್ದವು. ಅದರ ಮೂಲ ಪುಟ ತೆರೆದಾಗ 11 ಉತ್ತರವೂ ಸಿಕ್ಕಿತು. ಕಟ್ಟುವವರ ಕೂಲಿಯ ಲೆಕ್ಕ ಬರೆದಿದ್ದ ಉತ್ತರ, ನನಗೆ ಬೇಕಾಗಿದ್ದದ್ದು, ಕಾಣದೇ ಇದ್ದ ಆ 8ರಲ್ಲಿತ್ತು.

ಇದಕ್ಕಿಂತ ನೋವಾದದ್ದು ನನ್ನ ಮೊದಲ ಸರ್ವರ್ ಮುಚ್ಚಿದಾಗ. ಒಬ್ಬರೇ ಕೈಯಿಂದ ಹಣ ಹಾಕಿ ನಡೆಸುತ್ತಿದ್ದರು, ಸಾಕಾಯ್ತು. ಮೊದಲೇ ತಿಳಿಸಿದ್ದರಿಂದ ಹೊಸ ಸರ್ವರ್‌ಗೆ ಖಾತೆ ಸಾಗಿಸಿದೆ. ನನ್ನನ್ನು ಹಿಂಬಾಲಿಸುತ್ತಿದ್ದವರು ತಾವಾಗಿಯೇ ಜೊತೆಗೆ ಬಂದರು, ನಾನು ಹಿಂಬಾಲಿಸುವವರ ಪಟ್ಟಿಯನ್ನು ಇಳಿಸಿಕೊಂಡು ಇಲ್ಲಿ ಏರಿಸಿದೆ. ಹಳೆಯ ಪೋಸ್ಟ್‌ಗಳು ಮಾತ್ರ ಬರಲಿಲ್ಲ. ಪ್ರತಿಯೇನೋ ನನ್ನ ಕಂಪ್ಯೂಟರ್‌ನಲ್ಲಿದೆ, ಹೊಸ ಖಾತೆಗೆ ಅದನ್ನು ಸೇರಿಸಲು ದಾರಿಯಿಲ್ಲ. ಎರಡು ಮಳೆಗಾಲದ ದಿನದಿನದ ಲೆಕ್ಕ ಅದು.

ಈ ವಿಷಯದಲ್ಲಿ ಬ್ಲೂಸ್ಕೈ ಎಂಬ ಇನ್ನೊಂದು ಜಾಲ ಮೇಲು. ಅದು ನಡೆಯುವ ಎಟಿ ಪ್ರೊಟೊಕಾಲ್ ಎಂಬ ನಿಯಮದಲ್ಲಿ ಖಾತೆ ಬೇರೆ ಕಡೆ ಹೋದರೆ ಪೋಸ್ಟ್‌ಗಳೂ ಜೊತೆಗೆ ಹೋಗುತ್ತವೆ, ಸ್ವಂತ ಡೊಮೇನನ್ನೇ ಹೆಸರಾಗಿ ಇಟ್ಟುಕೊಳ್ಳಬಹುದು. ಆದರೆ ಬಹುಪಾಲು ಖಾತೆಗಳು ಇನ್ನೂ ಆ ಒಂದೇ ಕಂಪನಿಯ ಸರ್ವರ್‌ಗಳಲ್ಲಿವೆ, ನನಗೆ ಅದು ಹಿಡಿಸಲಿಲ್ಲ. ಇಲ್ಲಿಂದ ಅಲ್ಲಿಗೆ ನೇರ ಸಂಪರ್ಕವೂ ಇಲ್ಲ. ನಡುವೆ ಬ್ರಿಡ್ಜಿ ಫೆಡ್ ಎಂಬ ಸೇತುವೆಯಿದೆ, ಪರಸ್ಪರ ಮಾತಾಡಬೇಕಾದರೆ ಎರಡೂ ಕಡೆಯವರು ಅದಕ್ಕೆ ಒಪ್ಪಿರಬೇಕು. ಮೆಟಾ ಕಂಪನಿಯ ಥ್ರೆಡ್ಸ್‌ನವರಾದರೆ ಹೊರಗಿನ ಸರ್ವರ್‌ಗಳಿಗೆ ಹಂಚುವ ಆಯ್ಕೆಯನ್ನು ಅವರೇ ಆನ್ ಮಾಡಿರಬೇಕು, ಇಲ್ಲದಿದ್ದರೆ ನಮಗೆ ಕಾಣುವುದಿಲ್ಲ.

ಹೊಸದಾಗಿ ಬರುವವರು ಪೋಸ್ಟ್ ಹಾಕುವಾಗ ಭಾಷೆ 'ಕನ್ನಡ' ಎಂದು ಆರಿಸಿ. ನನ್ನವು ಎಷ್ಟೋ ತಿಂಗಳು ಇಂಗ್ಲಿಷ್ ಎಂದೇ ದಾಖಲಾಗಿದ್ದವು. ಸಾರ್ವಜನಿಕ ಟೈಮ್‌ಲೈನ್‌ನಲ್ಲಿ ಕನ್ನಡ ಮಾತ್ರ ಆರಿಸಿಕೊಂಡವರಿಗೆ ಅವು ಕಾಣಲೇ ಇಲ್ಲ. ಗುಟ್ಟಿನ ಮಾತನ್ನು ಖಾಸಗಿ ಸಂದೇಶದಲ್ಲೂ ಬರೆಯಬೇಡಿ, ಅದಕ್ಕೆ ಗೂಢಲಿಪಿಯ ರಕ್ಷಣೆಯಿಲ್ಲ, ಸರ್ವರ್ ನಡೆಸುವವರು ಬೇಕೆಂದರೆ ಓದಬಹುದು. ಸರ್ವರ್ ಆರಿಸುವ ಮೊದಲು ಅದನ್ನು ಎಷ್ಟು ಜನ ನೋಡಿಕೊಳ್ಳುತ್ತಾರೆ, ಹಣ ಎಲ್ಲಿಂದ ಬರುತ್ತದೆ ಎಂದು ಕೇಳಿ. ನನ್ನ ಈಗಿನ ಸರ್ವರ್‌ನವರು ಮೂವರು, ತಿಂಗಳ ಖರ್ಚಿನ ಲೆಕ್ಕ ಎಲ್ಲರಿಗೂ ಕಾಣುವಂತೆ ಹಾಕುತ್ತಾರೆ. ನಾನು ತಿಂಗಳಿಗೆ 150 ರೂಪಾಯಿ ಕಳಿಸುತ್ತೇನೆ.