ಕನ್ನಡ ಲೇಖನಕ್ಕೆ ‘100% ಯೂನಿಕ್’ ಅಂತ ಬಂತಾ? ಅಷ್ಟನ್ನೇ ನಂಬಿ ಪ್ರಕಟಿಸಬೇಡಿ

ಸಣ್ಣ ಕನ್ನಡ ಜಾಲತಾಣಗಳಲ್ಲಿ ಇದು ಮತ್ತೆ ಮತ್ತೆ ಆಗುತ್ತಿದೆ. ಹವ್ಯಾಸಿ ಬರಹಗಾರರಿಂದ ಲೇಖನ ಬರುತ್ತದೆ. ಸಂಪಾದಕರು ಹುಡುಕಿದಾಗ ಮೊದಲು ಸಿಕ್ಕ ಯಾವುದೋ ಉಚಿತ ಪ್ಲೇಜಿಯರಿಸಂ (ಕೃತಿಚೌರ್ಯ) ಚೆಕರ್‌ಗೆ ಅದನ್ನು ಪೇಸ್ಟ್ ಮಾಡುತ್ತಾರೆ. ಹಸಿರು ಬಣ್ಣದಲ್ಲಿ ‘100% ಯೂನಿಕ್’ ಅಂತ ಬರುತ್ತದೆ. ಲೇಖನ ಪ್ರಕಟವಾಗುತ್ತದೆ, ಸಂಭಾವನೆಯೂ ಸಂದಾಯವಾಗುತ್ತದೆ. ಆಮೇಲೆ ಮೂಲ ಲೇಖಕರ ಮೇಲ್ ಬರುತ್ತದೆ: ಪ್ಯಾರಾಗೆ ಪ್ಯಾರಾ ಅವರದೇ. ‘ನಾವು ಚೆಕ್ ಮಾಡಿದ್ದೆವು’ ಎಂದು ಸ್ಕ್ರೀನ್‌ಶಾಟ್ ತೋರಿಸಿದರೆ ಅವರ ಬರಹ ಅವರಿಗೆ ವಾಪಸ್ ಸಿಗುವುದಿಲ್ಲ, ನಿಮ್ಮ ತಾಣದ ಹೆಸರೂ ಉಳಿಯುವುದಿಲ್ಲ.

ಇಂಥ ಎಷ್ಟೋ ಟೂಲ್‌ಗಳು ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಹೋಲಿಕೆ ಹುಡುಕುವ ಮೊದಲು ಅವು ಬರಹವನ್ನು ಪದಪದವಾಗಿ ಒಡೆಯುತ್ತವೆ. ಎಡವಟ್ಟು ಅಲ್ಲೇ ಶುರು. ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ (ಬರಹದೊಳಗೆ ಮಾದರಿ ಹುಡುಕುವ ಸೂತ್ರದಲ್ಲಿ) ಪದ ಗುರುತಿಸಲು ಬಳಸುವ ಮಾಮೂಲಿ ಚಿಹ್ನೆಗೆ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಅದರ ಪಾಲಿಗೆ ನಿಮ್ಮ ಇಡೀ ಕನ್ನಡ ಲೇಖನ ಸೊನ್ನೆ ಪದ. ಪೈಥಾನ್ ಎಂಬ ಇನ್ನೊಂದು ಭಾಷೆಯಲ್ಲಿ ಅದೇ ಚಿಹ್ನೆಗೆ ಕನ್ನಡ ಅಕ್ಷರ ಗೊತ್ತು, ಆದರೆ ಒತ್ತಕ್ಷರ ಮಾಡುವ ಹಲಂತ ಚಿಹ್ನೆಯನ್ನೂ (್) ಸ್ವರ ಚಿಹ್ನೆಗಳನ್ನೂ ಅದು ಅಕ್ಷರವೆಂದು ಎಣಿಸುವುದಿಲ್ಲ. ‘ಕನ್ನಡ’ ಎಂಬ ಪದ ‘ಕನ’ ಮತ್ತು ‘ನಡ’ ಎಂದು ಎರಡು ತುಂಡಾಗುತ್ತದೆ. ಇಂಥ ತುಂಡುಗಳನ್ನು ಸರ್ಚ್ ಎಂಜಿನ್‌ಗೆ ಕಳಿಸಿದರೆ ಏನೂ ಸಿಗುವುದಿಲ್ಲ. ಏನೂ ಸಿಗದಿದ್ದರೆ ಟೂಲ್ ಹೇಳುವುದು ಒಂದೇ ಮಾತು: ಯೂನಿಕ್.

ಯಾವುದೇ ಟೂಲ್ ಬಳಸುವ ಮೊದಲು ಅದನ್ನೇ ಪರೀಕ್ಷೆಗೆ ಒಡ್ಡಿ. ಕನ್ನಡ ವಿಕಿಪೀಡಿಯದ ಹಂಪಿ ಪುಟದಿಂದ ಎರಡು ಪ್ಯಾರಾ ತೆಗೆದು, ಒಂದಕ್ಷರವನ್ನೂ ಬದಲಿಸದೆ ಪೇಸ್ಟ್ ಮಾಡಿ. ಅದಕ್ಕೂ ಯೂನಿಕ್ ಅಂತ ಬಂದರೆ ಆ ಟೂಲ್ ಅಲ್ಲಿಗೇ ಬಿಟ್ಟುಬಿಡಿ. ಅದರ ವರ್ಡ್ ಕೌಂಟ್ ಕೂಡ ನೋಡಿ. ವರ್ಡ್ ಪ್ರೊಸೆಸರ್‌ನಲ್ಲಿ 300 ಪದ ಇರುವುದು ಅಲ್ಲಿ 0 ಅಂತಲೋ 900 ಅಂತಲೋ ಬಂದರೆ ಒಳಗೆ ನಡೆಯುತ್ತಿರುವುದು ಇದೇ.

ಈ ಪರೀಕ್ಷೆ ದಾಟಿದ ಟೂಲ್ ಕೂಡ ಕನ್ನಡದಲ್ಲಿ ಸುಲಭವಾಗಿ ಮೋಸಹೋಗುತ್ತದೆ. ‘ಸಾಫ್ಟ್‌ವೇರ್’ ಎಂದು ಬಿಡಿಸಿ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಅಕ್ಷರ ಹಾಕುತ್ತೇವೆ. ಅದನ್ನು ಅಳಿಸಿದರೆ ‘ಸಾಫ್ಟ್ವೇರ್’ ಆಗುತ್ತದೆ. ಓದುವವರಿಗೆ ಎರಡೂ ಒಂದೇ, ಅಕ್ಷರಕ್ಕೆ ಅಕ್ಷರ ಹೋಲಿಸುವ ಯಂತ್ರಕ್ಕೆ ಬೇರೆ ಬೇರೆ. ‘ಬಂದಿದ್ದಾರೆ ಎಂದು’ ಎಂಬುದನ್ನು ‘ಬಂದಿದ್ದಾರೆಂದು’ ಮಾಡಿದರೆ ಎರಡು ಪದ ಒಂದಾಯಿತು, ಆ ಜಾಗದಲ್ಲಿ ಪದಗಳ ಸಾಲು ತಪ್ಪಿತು. ಕದಿಯುವವರು ಇದನ್ನು ಫೈಂಡ್-ರಿಪ್ಲೇಸ್‌ನಲ್ಲಿ ಮಾಡಿ ಮುಗಿಸುತ್ತಾರೆ.

ಇನ್ನು ಟೂಲ್‌ಗೆ ತಲುಪದ ಬರಹವೇ ಕನ್ನಡದಲ್ಲಿ ಬೇಕಾದಷ್ಟಿದೆ. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಆದ ಪಿಡಿಎಫ್‌ನಿಂದ ಕಾಪಿ ಮಾಡಿ ನೋಡಿ, ಬರುವುದು ಚುಕ್ಕಿ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ. ಚಿತ್ರವಾಗಿ ಸ್ಕ್ಯಾನ್ ಆದ ಪತ್ರಿಕೆ ಪುಟಗಳು, ವಾಟ್ಸಾಪ್ ಗುಂಪುಗಳು, ಖಾಸಗಿ ಫೇಸ್‌ಬುಕ್ ಪೋಸ್ಟ್‌ಗಳು ಜಾಲಪುಟಗಳನ್ನು ಓದಿ ದಾಖಲಿಸುವ ಕ್ರಾಲರ್‌ಗಳಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಇಂಗ್ಲಿಷ್ ಲೇಖನವನ್ನು ಯಂತ್ರಾನುವಾದ ಮಾಡಿ ಕಳಿಸಿದರೆ ಪದ ಹೋಲಿಸುವ ಟೂಲ್ ಏನನ್ನೂ ಹಿಡಿಯುವುದಿಲ್ಲ. ಅನುವಾದ ತಾನೇ ಅಂತ ಸಮಾಧಾನ ಮಾಡಿಕೊಳ್ಳಬೇಡಿ. 1957ರ ಕಾಪಿರೈಟ್ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಅನುವಾದದ ಹಕ್ಕೂ ಮೂಲ ಕೃತಿಯ ಹಕ್ಕುದಾರರದೇ.

ಹಾಗಾಗಿ ಕೈಯಾರೆ ಹುಡುಕುವುದೇ ಇವತ್ತಿಗೂ ಹೆಚ್ಚು ಭರವಸೆಯ ದಾರಿ. ಲೇಖನದ ಮೊದಲ ಪ್ಯಾರಾ ಬಿಡಿ, ಕದ್ದವರು ತಿದ್ದುವುದು ಅದನ್ನೇ. ನಡುವಿನಿಂದ ಮೂರು ನಾಲ್ಕು ಕಡೆ, ಆರರಿಂದ ಎಂಟು ಪದಗಳ ಸಾಲು ಆರಿಸಿ. ಊರಿನ ಹೆಸರು, ಅಳತೆ, ಅಪರೂಪದ ಮಾತು ಇರುವ ಸಾಲಾದರೆ ಒಳ್ಳೆಯದು. ಉದ್ಧರಣ ಚಿಹ್ನೆಯೊಳಗಿಟ್ಟು ಗೂಗಲ್‌ನಲ್ಲೂ ಬಿಂಗ್‌ನಲ್ಲೂ ಹುಡುಕಿ. ಸಿಗದಿದ್ದರೆ ಚಿಹ್ನೆ ತೆಗೆದು, ಸಂಧಿ ಬಿಡಿಸಿ, ಇನ್ನೊಮ್ಮೆ. ಅನುವಾದದ ಅನುಮಾನ ಇದ್ದರೆ ಅಂಕಿಅಂಶ ಮತ್ತು ಹೆಸರುಗಳನ್ನು ಇಂಗ್ಲಿಷ್‌ನಲ್ಲಿ ಒಟ್ಟಿಗೆ ಹಾಕಿ ಹುಡುಕಿ. ಪದ ಬದಲಾದರೂ ಉದಾಹರಣೆಗಳು ಬರುವ ಕ್ರಮ ಸಾಮಾನ್ಯವಾಗಿ ಬದಲಾಗಿರುವುದಿಲ್ಲ.

ಶೇಕಡಾವಾರು ಅಂಕಿ ಎದುರು ದಿಕ್ಕಿನಲ್ಲೂ ಅನ್ಯಾಯ ಮಾಡುತ್ತದೆ. ವಚನಗಳ ಬಗ್ಗೆ ಬರೆದ ಲೇಖನದಲ್ಲಿ ಉಲ್ಲೇಖಿಸಿದ ಪ್ರತಿಯೊಂದು ವಚನವನ್ನೂ ಟೂಲ್ ನಕಲು ಎಂದೇ ಎಣಿಸಬಹುದು. ಬರಹಗಾರರ ಸ್ವಂತ ಬ್ಲಾಗಿನಿಂದ ಬೇರೆಯವರು ಕದ್ದು ಹಾಕಿಕೊಂಡ ಪುಟವೇ ‘ಮೂಲ’ ಎಂದು ರಿಪೋರ್ಟಿನಲ್ಲಿ ಬರಬಹುದು. ಬರೀ ಅಂಕಿ ನೋಡಿ ಸಂಭಾವನೆ ತಡೆಹಿಡಿಯಬೇಡಿ, ಹೊಂದಿದ ಸಾಲುಗಳನ್ನು ಒಂದೊಂದಾಗಿ ತೆರೆದು ಓದಿ. 10% ತನಕ ಪರವಾಗಿಲ್ಲ ಎಂಬ ಮಾತು ಯುಜಿಸಿಯ 2018ರ ನಿಯಮದ್ದು. ಅದು ಉನ್ನತ ಶಿಕ್ಷಣ ಸಂಸ್ಥೆಗಳ ಪ್ರಬಂಧ, ಸಂಶೋಧನಾ ಬರಹಗಳಿಗೆ ಮಾತ್ರ, ಅಲ್ಲೂ ಮೂಲ ತಿಳಿಸಿದ ಉಲ್ಲೇಖಗಳನ್ನು ಎಣಿಕೆಯಿಂದ ಹೊರಗಿಡುತ್ತಾರೆ. ಕಾಪಿರೈಟ್ ಕಾಯ್ದೆಯಲ್ಲಿ ಇಂಥ ಯಾವ ಶೇಕಡಾ ಲೆಕ್ಕವೂ ಇಲ್ಲ.

ಇನ್ನೂ ಪ್ರಕಟವಾಗದ ಕರಡನ್ನು ಗುರುತು ಪರಿಚಯವಿಲ್ಲದ ಟೂಲ್‌ಗೆ ಇಡಿಯಾಗಿ ಹಾಕಬೇಡಿ. ಪೇಸ್ಟ್ ಮಾಡಿದ ಬರಹವನ್ನು ಇಟ್ಟುಕೊಳ್ಳುತ್ತಾರಾ, ಎಷ್ಟು ದಿನ, ಯಾರ ಜೊತೆ ಹಂಚುತ್ತಾರೆ ಎಂಬುದು ಷರತ್ತುಗಳ ಪುಟದಲ್ಲಿ ಸ್ಪಷ್ಟವಾಗಿರಬೇಕು. ಸಂಶೋಧನಾ ವಿದ್ಯಾರ್ಥಿಗಳು ಗಮನಿಸಿ: ಟರ್ನಿಟಿನ್‌ನಂಥ ನಕಲು ಪತ್ತೆ ಸೇವೆಗಳಲ್ಲಿ ಕರಡು ಅವರ ರೆಪಾಸಿಟರಿಗೆ (ಹೋಲಿಕೆಗೆ ಇಟ್ಟುಕೊಳ್ಳುವ ಸಂಗ್ರಹಕ್ಕೆ) ಸೇರಿಬಿಟ್ಟರೆ ಮುಂದಿನ ಸಲ ನಿಮ್ಮ ಪ್ರಬಂಧ ನಿಮ್ಮದೇ ಕರಡಿಗೆ ಹೊಂದಿಕೆಯಾಗಿ ಅಂಕಿ ಮೇಲೇರುತ್ತದೆ. ‘ನೋ ರೆಪಾಸಿಟರಿ’ ಆಯ್ಕೆಯಲ್ಲೇ ಚೆಕ್ ಮಾಡಿಸಿ.

ನಿಮ್ಮ ಬರಹ ಕದ್ದಿರುವುದು ಕಂಡರೆ ಮೊದಲೇ ಹೋಗಿ ಅಲ್ಲಿ ಕಾಮೆಂಟ್ ಹಾಕಬೇಡಿ. ಎಚ್ಚೆತ್ತವರು ಪುಟವನ್ನು ಅಳಿಸುತ್ತಾರೆ, ಇಲ್ಲವೇ ದಿನಾಂಕ ತಿದ್ದುತ್ತಾರೆ. ವರ್ಡ್‌ಪ್ರೆಸ್‌ನಲ್ಲಿ ಪ್ರಕಟಣೆಯ ದಿನಾಂಕ ಹಿಂದಕ್ಕೆ ಹಾಕಲು ಒಂದು ನಿಮಿಷ ಸಾಕು, ಆದ್ದರಿಂದ ಪುಟದ ಮೇಲಿನ ದಿನಾಂಕ ಸಾಕ್ಷಿಯೇ ಅಲ್ಲ. ಮೊದಲು ಜಾಲಪುಟಗಳ ಪ್ರತಿ ಉಳಿಸಿಡುವ ವೇಬ್ಯಾಕ್ ಮಷಿನ್‌ನ ‘ಸೇವ್ ಪೇಜ್ ನೌ’ನಲ್ಲಿ ಎರಡೂ ಪುಟಗಳನ್ನು ಉಳಿಸಿ, ವಿಳಾಸ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ಆಮೇಲೆ ಬರಹ ಇಟ್ಟಿರುವ ಸೇವೆಗೆ ಲಿಖಿತ ದೂರು ಕೊಡಿ. ಕಾಪಿರೈಟ್ ನಿಯಮಗಳು 2013ರ 75ನೇ ನಿಯಮದ ಪ್ರಕಾರ ದೂರು ಸರಿಯಿದೆ ಎಂದು ಕಂಡರೆ ಅವರು 36 ಗಂಟೆಯೊಳಗೆ ಆ ಪುಟ ಸಿಗದಂತೆ ಮಾಡಬೇಕು. ಆದರೆ ಅದು 21 ದಿನಕ್ಕೆ ಮಾತ್ರ. ಅಷ್ಟರಲ್ಲಿ ಕೋರ್ಟ್ ಆದೇಶ ತರುತ್ತೇನೆ ಎಂಬ ಮುಚ್ಚಳಿಕೆಯನ್ನೂ ದೂರಿನಲ್ಲೇ ಕೊಡಬೇಕು, ಆದೇಶ ಬಾರದಿದ್ದರೆ ಅವರು ಪುಟವನ್ನು ಮತ್ತೆ ತೆರೆಯಬಹುದು.